ಹಳದಿ ಕಾರಿನ ನಾಲ್ಕನೇ ಮೂಲೆ

"ಮೇಸ್ತ್ರಿ, ಇಲ್ಲೇನೋ ಗೀಟು ಎಳೆದಿದೆಯಲ್ಲ, ಏನಿದು?"

ಹಲ್ಲಿನ ಡಾಕ್ಟರು ಕಾರಿನೊಳಗೆ ಸೊಂಟದವರೆಗೆ ತೂರಿಕೊಂಡಿದ್ದರು. ಹೊರಗೆ ಕಾಣುತ್ತಿದ್ದದ್ದು ಅವರ ಇಸ್ತ್ರಿ ಮಾಡಿದ ಪ್ಯಾಂಟು, ಎರಡು ಬೂಟು, ಅಷ್ಟೇ. ರೋಗಿಗಳ ಬಾಯಿಗೆ ಹಾಕುವ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನೇ ಅವರು ಹಳೇ ಕಾರುಗಳ ಸಂದಿಗೊಂದಿಗೂ ಹಾಕಿ ನೋಡುತ್ತಿದ್ದರು. ತೊಳೆದು ಹಾಕ್ತೀರಾ ಡಾಕ್ಟ್ರೇ ಎಂದು ಮೇಸ್ತ್ರಿ ಒಮ್ಮೆ ಕೇಳಿದ್ದಕ್ಕೆ, ಯಾವುದಕ್ಕೆ ಹಾಕೋ ಮುಂಚೆ ಅಂತ ಹೇಳಿ, ಕಾರಿಗೋ ಬಾಯಿಗೋ ಎಂದು ಅವರೇ ಗಹಗಹಿಸಿ ನಕ್ಕಿದ್ದರು.

"ಎಲ್ಲಿ?" ಎಂದ ಮೇಸ್ತ್ರಿ, ಡಬ್ಬದಲ್ಲಿ ರಾಳ ಕಲಸುತ್ತ.

"ಎಡಗಡೆ ಮುಂದೆ. ಬ್ರಾಕೆಟ್ಟು ಕಿತ್ತುಬಂದಿದೆ ಅಂದ್ರಲ್ಲ, ಆ ಮೂಲೇಲಿ. ಅಡ್ಡಡ್ಡ, ಉದ್ದುದ್ದ, ಚೌಕಳಿ ಚೌಕಳಿಯಾಗಿ. ಪೆನ್ಸಿಲ್ಲಲ್ಲಿ ಎಳೆದಿದ್ದು. ನಿನ್ನೆ ಎಳೆದ ಹಾಗಿದೆ ಕಣ್ರೀ!"

ಮೇಸ್ತ್ರಿಯ ಕೈಯಲ್ಲಿದ್ದ ಕಡ್ಡಿ ನಿಂತಿತು. ಅವನಿಗೆ ಅರವತ್ತೊಂದು ವರ್ಷ, ಅದರಲ್ಲಿ ನಲವತ್ತು ವರ್ಷ ಫೈಬರ್ ಕೆಲಸದಲ್ಲೇ ಕಳೆದಿದ್ದ. ಆ ಮೂಲೆಯಲ್ಲಿ ಪೆನ್ಸಿಲ್ ಗೀಟು ಇದೆ ಎಂದರೆ ಏನರ್ಥ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡಾಕ್ಟರು ಹೊರಗೆ ಬಂದು ಮೊಣಕಾಲಿನ ಧೂಳು ಕೊಡವಿಕೊಂಡರು. ಮುಖದ ತುಂಬ ಸಂಭ್ರಮ. "ಇದೊಂದನ್ನ ಮಾತ್ರ ಅಳಿಸ್ಬೇಡಿ, ದಮ್ಮಯ್ಯ. ಫ್ಯಾಕ್ಟರಿ ಕಾರಿಗೆ ನಂಬರ್ ಪಟ್ಟಿ ಇರುತ್ತೆ. ಶೆಡ್ಡಲ್ಲಿ ಕೈಯಲ್ಲಿ ಕಟ್ಟಿದ ಕಾರಿಗೆ ಏನಿರುತ್ತೆ ಹೇಳಿ? ಇಂಥವೇ. ಕಟ್ಟಿದವನ ಕೈಬರಹ ಅಲ್ವಾ ಇದು?"

"ಹೌದು," ಎಂದ ಮೇಸ್ತ್ರಿ. "ನಂದೇ."

ಡಾಕ್ಟರ ಮನೆಯ ಹಿಂದೆ ಇಂಥ ಫೈಬರ್ ಮೈಯ ಕಾರುಗಳು ನಾಲ್ಕಿದ್ದವು. ಒಂದು ಕಾಲದಲ್ಲಿ ಹುಚ್ಚರು ತಮ್ಮ ತಮ್ಮ ಶೆಡ್ಡುಗಳಲ್ಲಿ ಎಂಜಿನ್ನು ಒಂದು ಗಾಡಿಯದು, ಗೇರು ಇನ್ನೊಂದರದು ತಂದು, ಮೈಯನ್ನು ತಾವೇ ಅಚ್ಚು ತೆಗೆದು ಕಟ್ಟಿ ರೇಸಿಗೆ ಬಿಡುತ್ತಿದ್ದ ಕಾರುಗಳು. ಈಗ ಅವನ್ನು ಹುಡುಕಿ ಹುಡುಕಿ ಕೂಡಿಡುವವರೂ ಅದೇ ಜಾತಿಯ ಹುಚ್ಚರು. ಈ ಹಳದಿ ಕಾರಿಗಾಗಿ ಡಾಕ್ಟರು ಎರಡು ವರ್ಷ ಮನೆ ಬಾಗಿಲು ಸವೆಸಿದ್ದರು. ಕಾರು ಅಕ್ಕನದು. ಅಕ್ಕ ಎಂದರೆ ಮೇಸ್ತ್ರಿಯ ಅಕ್ಕ. ಕಾರು ಓಡಿಸಿ ಸತ್ತವನು ಅವಳ ಗಂಡ, ಇವನ ಭಾವ. ಇಪ್ಪತ್ತೊಂಬತ್ತು ವರ್ಷ ಅದು ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ಬಿದ್ದಿತ್ತು. ಹೋದ ತಿಂಗಳು ಅದೇನನ್ನಿಸಿತೋ, ಅಕ್ಕ ತಾನಾಗಿ ಹೇಳಿದಳು: "ಮಾಡಿಕೊಡು ಹೋಗ್ಲಿ. ಅವರು ಆಸೆಪಟ್ಟು ಕಟ್ಟಿಸಿದ್ದು. ಕೊಳೆಯೋ ಬದಲು ಒಂದು ಸಲ ಓಡ್ಲಿ. ಆದ್ರೆ ನಿನ್ನ ಕೈಯಲ್ಲೇ ಆಗ್ಬೇಕು. ಬೇರೆಯವರ ಕೈ ಒಂದು ಸಲ ಸೋಕಿದ್ದು ಸಾಕು."

ಬೇರೆಯವರ ಕೈ ಎಂದರೆ ಯಾರ ಕೈ ಎಂದು ಆ ಮನೆಯಲ್ಲಿ ಹೆಸರು ಹಿಡಿದು ಹೇಳುತ್ತಿರಲಿಲ್ಲ.

ಹತ್ತಕ್ಕೆ ರೋಗಿಗಳು ಬರುತ್ತಾರೆಂದು ಡಾಕ್ಟರು ಹೊರಟರು. ಮೇಸ್ತ್ರಿ ಟಾರ್ಚು ಹಿಡಿದು ಕಾರಿನೊಳಗೆ ತಲೆ ಹಾಕಿದ. ನಿನ್ನೆ ತಾನೇ ನೀರು ಬಿಟ್ಟು ಮೂವತ್ತು ವರ್ಷದ ಮಣ್ಣು ತೊಳೆದಿದ್ದ, ಒಳಗೆ ಬಗ್ಗಿ ನೋಡಿರಲಿಲ್ಲ. ಈಗ ನೋಡಿದ. ಅಂಗೈ ಎರಡರಷ್ಟು ಜಾಗ ಹೊಳೆಯುತ್ತಿತ್ತು. ಅದರ ಮೇಲೆ ಗೀಟುಗಳು. ಒಂದೂ ಅಳಿಸಿರಲಿಲ್ಲ.

ಫೈಬರ್ ಕೆಲಸ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಅಚ್ಚಿಗೆ ಮೊದಲು ಮೇಣ ಸವರುತ್ತಾರೆ. ಅದರ ಮೇಲೆ ಗಾಜಿನ ನಾರಿನ ಹಾಸು ಹಾಸಿ ರಾಳ ಬಳಿಯುತ್ತಾರೆ. ಗಟ್ಟಿಯಾದ ಮೇಲೆ ಎತ್ತಿದರೆ, ಮೇಣ ಇರುವುದರಿಂದ, ಅಚ್ಚು ಬಿಟ್ಟು ಬರುತ್ತದೆ. ಬಂದ ಮೈ ಫಳಫಳ ಹೊಳೆಯುತ್ತದೆ. ಆ ಹೊಳಪನ್ನು ನಂಬಿದರೆ ಕೆಟ್ಟ. ಮೇಣದ ಪಸೆ ಉಳಿದ ಆ ನುಣುಪಿಗೆ ಏನು ಅಂಟಿಸಿದರೂ ಹಿಡಿದ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. ಅದಕ್ಕೇ ಎಮರಿ ಕಾಗದ ಹಾಕಿ ತಿಕ್ಕಿ ಒರಟು ಮಾಡಬೇಕು. ತಿಕ್ಕಿದ್ದೆಷ್ಟು, ಬಿಟ್ಟಿದ್ದೆಷ್ಟು ಎಂದು ಗೊತ್ತಾಗಲಿ ಅಂತ ಮೇಸ್ತ್ರಿ ತನ್ನದೇ ಒಂದು ಕ್ರಮ ಮಾಡಿಕೊಂಡಿದ್ದ. ಮೊದಲು ಮೆತ್ತನೆ ಪೆನ್ಸಿಲ್ಲಿನಿಂದ ಜಾಗದ ತುಂಬ ಚೌಕಳಿ ಎಳೆಯುವುದು, ಆಮೇಲೆ ಒಂದು ಗೀಟೂ ಉಳಿಯದ ಹಾಗೆ ತಿಕ್ಕುವುದು. ಗೀಟು ಹೋದರೆ ಮೇಣ ಹೋಯಿತು. ನೀರಿನ ತೊಟ್ಟಿ ಮಾಡಿದ, ಪಾರ್ಕಿಗೆ ಜಾರುಬಂಡೆ ಮಾಡಿದ, ದೋಣಿ ಮಾಡಿದ, ನಲವತ್ತು ವರ್ಷದಲ್ಲಿ ಈ ಕ್ರಮ ಒಂದು ಸಲವೂ ತಪ್ಪಿರಲಿಲ್ಲ. ಹಾಗೆಂದೇ ಅವನು ತಿಳಿದಿದ್ದ.

ಹಳದಿ ಕಾರಿಗೆ ಕಬ್ಬಿಣದ ಚೌಕಟ್ಟು ಬೇಡ, ಭಾರವಾಗುತ್ತೆ, ಎಲ್ಲ ಫೈಬರಿನಲ್ಲೇ ಆಗಲಿ ಎಂದವನು ಭಾವ. ಚಕ್ರಗಳನ್ನು ಹಿಡಿದುಕೊಳ್ಳಲು ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಬ್ರಾಕೆಟ್ಟು. ಅವನ್ನು ಬೆಸೆದುಕೊಟ್ಟವನು ಮೇಸ್ತ್ರಿಯ ಗೆಳೆಯ ಕಿಡಿ. ವೆಲ್ಡಿಂಗಿನ ಕಿಡಿಗಳ ನಡುವೆಯೇ ಸದಾ ಇರುತ್ತಿದ್ದದ್ದಕ್ಕೆ ಆ ಅಡ್ಡಹೆಸರು. ಅವನ ಅಪ್ಪ ಅಮ್ಮ ಇಟ್ಟ ಹೆಸರು ಊರಿಗೇ ಮರೆತುಹೋಗಿತ್ತು. ಅವನ ಬೆಸುಗೆ ನೋಡಬೇಕು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಯ ಹಾಗೆ ಒಂದರ ಮೇಲೊಂದು ಕೂತಿರುತ್ತಿತ್ತು. ಕಿಡಿ ಬೆಸೆದ ಬ್ರಾಕೆಟ್ಟುಗಳನ್ನು, ನಾರು ಹಾಸಿ ರಾಳ ಬಳಿದು, ಅಚ್ಚಿನಿಂದಲೇ ತೆಗೆದ ಕಾರಿನ ಒಳಮೈಗೆ ಅಂಟಿಸುವುದು ಮೇಸ್ತ್ರಿಯ ಪಾಲು.

ರೇಸಿನ ಹಿಂದಿನ ದಿನ ಮಧ್ಯಾಹ್ನ. ನಾಲ್ಕೂ ಮೂಲೆಗೆ ಗೀಟು ಎಳೆದಾಗಿತ್ತು, ಮೂರು ಮೂಲೆ ತಿಕ್ಕಿಯಾಗಿತ್ತು. ಅಕ್ಕ ಬಾಗಿಲಲ್ಲಿ ನಿಂತು, "ಊಟಕ್ಕೆ ಬನ್ರೋ, ಆರಿಹೋಗುತ್ತೆ," ಎಂದು ಕೂಗಿದಳು. ಇನ್ನೊಂದು ಮೂಲೆ ಇದೆ ಎಂದ ಇವನು. ಭಾವ ಇವನ ಕೈಯಿಂದ ಎಮರಿ ಕಾಗದ ಕಿತ್ತುಕೊಂಡು ಮೂಲೆಗೆಸೆದ. "ಏಳಯ್ಯಾ ಮಾರಾಯ, ಅವಳು ಎರಡನೇ ಸಲ ಕೂಗಿದ್ರೆ ನಿನ್ನನ್ನಲ್ಲ, ನನ್ನನ್ನ ತಿಕ್ಕಿಹಾಕ್ತಾಳೆ." ಕಿಡಿಯೂ ಸೇರಿ ಮೂವರೂ ಬಿದ್ದು ಬಿದ್ದು ನಕ್ಕರು. ಉಂಡು ಬಂದವನೇ ಮೇಸ್ತ್ರಿ ರಾಳಕ್ಕೆ ಗಟ್ಟಿ ಮಾಡುವ ಮದ್ದು ಬೆರೆಸಿದ. ಬೆರೆಸಿದ ಮೇಲೆ ಕಾಲು ಗಂಟೆ ಸಮಯ, ಅದು ಯಾರಿಗೂ ಕಾಯುವುದಿಲ್ಲ. ದಡದಡನೆ ಒಂದರ ಹಿಂದೊಂದು ನಾಲ್ಕೂ ಬ್ರಾಕೆಟ್ಟು ಅಂಟಿಸಿದ. ಹೊಟ್ಟೆ ತುಂಬಿತ್ತು, ಮನಸ್ಸು ನಾಳಿನ ರೇಸಿನಲ್ಲಿತ್ತು.

ಇಷ್ಟೇ. ಒಂದು ತುತ್ತು ಅನ್ನಕ್ಕೆ ಎದ್ದುಹೋಗಿ ಬಂದದ್ದು, ಅಷ್ಟೇ.

ಮರುದಿನ ಮೂರನೇ ಸುತ್ತಿನಲ್ಲಿ ಎಡಗಡೆಯ ಮುಂದಿನ ಚಕ್ರ ಬ್ರಾಕೆಟ್ಟಿನ ಸಮೇತ ಕಿತ್ತುಕೊಂಡು ಹೋಯಿತು. ಕಾರು ಪಲ್ಟಿ ಹೊಡೆಯಿತು. ಭಾವ ಆಸ್ಪತ್ರೆ ಮುಟ್ಟಲಿಲ್ಲ. ಬಾವುಟ ಹಿಡಿದವನು ಓಡಿಬಂದು ಏನಾಯ್ತು ಏನಾಯ್ತು ಎಂದು ಕೇಳಿದಾಗ ಮೇಸ್ತ್ರಿಯ ಬಾಯಿಂದ ಬಂದ ಮೊದಲ ಮಾತು, "ಬೆಸುಗೆ ಬಿಟ್ಟಿರಬೇಕು." ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹಾಗೆಂದೇ ಅನ್ನಿಸಿತ್ತು, ತನ್ನ ಕೈ ತಪ್ಪಿರಬಹುದು ಎಂಬುದು ಅವನ ತಲೆಗೇ ಬರಲಿಲ್ಲ. ಸಂಜೆಯ ಹೊತ್ತಿಗೆ ಊರೆಲ್ಲ ಬೆಸುಗೆ ಬಿಟ್ಟಿತು ಎಂದು ಹೇಳುತ್ತಿತ್ತು. ವಾರದಲ್ಲಿ ಕಿಡಿಯ ಅಂಗಡಿಗೆ ಒಂದು ಗೇಟು ರಿಪೇರಿಗೂ ಯಾರೂ ಬರಲಿಲ್ಲ. ಗೊತ್ತಾಗಿದ್ದ ಹುಡುಗಿಯ ಮನೆಯವರು ಹಿಂದೆ ಸರಿದರು. ಅಕ್ಕ ಆ ಅಂಗಡಿಯ ಮುಂದೆ ನಿಂತು, ಹಾದಿಬೀದಿಯವರೆಲ್ಲ ಸೇರುವ ಹಾಗೆ, ನಿನ್ನ ಕೈ ಸೇದಿಹೋಗಲಿ ಎಂದು ಹಿಡಿಶಾಪ ಹಾಕಿ ಬಂದಳು. ಮೇಸ್ತ್ರಿ ಅವಳ ಭುಜ ಹಿಡಿದು ಮನೆಗೆ ಕರೆತಂದಿದ್ದ.

ಈಗ ಟಾರ್ಚಿನ ಬೆಳಕಿಗೆ ಸೀಟಿನ ಹಿಂದೆ ಒಂದು ಮರದ ಪೆಟ್ಟಿಗೆ ಕಂಡಿತು. ಮೇಸ್ತ್ರಿ ಅದರ ಮುಚ್ಚಳ ಎಬ್ಬಿಸಿದ. ಒಳಗೆ ಬ್ರಾಕೆಟ್ಟು. ಬೆಸುಗೆ ತುಕ್ಕಿನ ಅಡಿಯಲ್ಲೂ ಜಡೆಯ ಹಾಗೆಯೇ ಇತ್ತು, ಒಂದು ಬಿರುಕಿಲ್ಲ. ಹಿಂದೆ ತಿರುಗಿಸಿದ. ಅಂಟಿದ್ದ ಫೈಬರಿನ ಪದರ ಹಾಗೇ ಇತ್ತು. ಸರಿಯಾಗಿ ಹಿಡಿದ ಅಂಟು ಬಿಡುವಾಗ ನಾರು ಹರಿದುಕೊಂಡು ಬರುತ್ತದೆ, ಚರ್ಮ ಸುಲಿದ ಹಾಗೆ. ಇಲ್ಲಿ ಒಂದು ನಾರಿಲ್ಲ. ನುಣ್ಣಗೆ ಹೊಳೆಯುವ ಮೈ, ಅದರ ಮೇಲೆ ಅಚ್ಚೊತ್ತಿಕೊಂಡು ಬಂದ ಅವನ ಪೆನ್ಸಿಲ್ಲಿನ ಚೌಕಳಿ.

ಸ್ವಲ್ಪ ಹೊತ್ತು ಕಾರಿನ ಪಕ್ಕ ನೆಲದಲ್ಲೇ ಕೂತ. ಆಮೇಲೆ ಬ್ರಾಕೆಟ್ಟನ್ನು ಒಂದು ಹಳೇ ಟವಲಿನಲ್ಲಿ ಸುತ್ತಿಕೊಂಡು ಎದ್ದ.

ಕಿಡಿ ಪೆಟ್ರೋಲ್ ಬಂಕಿನಲ್ಲಿ ಗಾಡಿಗಳಿಗೆ ಗಾಳಿ ಹಾಕುತ್ತಿದ್ದ. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಪೈಪಿನ ಸುರುಳಿ, ಒಂದು ಕಬ್ಬಿಣದ ಸ್ಟೂಲು, ತಲೆಯ ಮೇಲೆ ತಗಡಿನ ನೆರಳು. ಮೇಸ್ತ್ರಿ ಬೇರೆ ಬಂಕಿಗೆ ಹೋಗುತ್ತಿದ್ದ.

"ಗಾಡಿ ಮುಂದೆ ತನ್ನಿ," ಎಂದ ಕಿಡಿ, ತಲೆಯೆತ್ತದೆ.

"ಗಾಡಿ ತಂದಿಲ್ಲ ಕಣೋ."

ದನಿ ಕೇಳಿ ಕಿಡಿ ತಲೆಯೆತ್ತಿದ. ನೋಡಿದ. ಮೇಸ್ತ್ರಿ ಟವಲು ಬಿಚ್ಚಿ ಅವನ ತೊಡೆಯ ಮೇಲಿಟ್ಟ. ಕಿಡಿ ಕನ್ನಡಕ ಹಾಕಿಕೊಂಡು, ಹೆಬ್ಬೆರಳಿನಿಂದ ಬೆಸುಗೆಯ ಉದ್ದಕ್ಕೂ ಮೆಲ್ಲಗೆ ಸವರಿದ. ಒಂದು ತುದಿಯಿಂದ ಇನ್ನೊಂದು ತುದಿಗೆ, ಮತ್ತೆ ವಾಪಸ್ಸು.

"ಚೆನ್ನಾಗಿ ಹಾಕಿದ್ದೆ ಅಲ್ವೇನೋ?" ಎಂದ.

"ಹಿಂದೆ ತಿರುಗಿಸಿ ನೋಡು," ಎಂದ ಮೇಸ್ತ್ರಿ.

"ನೋಡಿದೀನಿ."

"ಯಾವಾಗ?"

"ಅವತ್ತೇ. ಚಕ್ರ ಹುಲ್ಲಲ್ಲಿ ಬಿದ್ದಿತ್ತು, ಹುಡುಕಿ ತಂದವನು ನಾನೇ ಅಲ್ವಾ? ತಿರುಗಿಸಿ ನೋಡಿದೆ. ಹೊಳೀತಿತ್ತು. ನಿನ್ನ ಗೀಟೂ ಇತ್ತು."

"ಮತ್ಯಾಕೆ ಬಾಯಿ ಬಿಡ್ಲಿಲ್ಲ? ನಿನ್ನ ಬಾಯಿಗೇನು ಬೀಗ ಹಾಕಿತ್ತಾ?" ತಾನು ರೇಗುತ್ತಿದ್ದೇನೆ ಎಂದು ಮೇಸ್ತ್ರಿಗೆ ಆಮೇಲೆ ಗೊತ್ತಾಯಿತು. ರೇಗಲು ತನಗೇನು ಹಕ್ಕಿದೆ ಎಂದೂ ಆಮೇಲೆ ಅನ್ನಿಸಿತು.

ಒಬ್ಬ ಸ್ಕೂಟರಿನವನು ಬಂದ. ಕಿಡಿ ಎದ್ದು ಎರಡೂ ಚಕ್ರಕ್ಕೆ ಗಾಳಿ ಹಾಕಿ, ಹಿಂದಿನದು ಸವೆದಿದೆ ಬದಲಾಯಿಸ್ಕೊಳ್ಳಿ ಎಂದು ಹೇಳಿ ಕಳಿಸಿ ಬಂದು ಕೂತ.

"ಅಕ್ಕ ನಿನ್ನ ತೋಳು ಹಿಡ್ಕೊಂಡು ಕೂತಿದ್ರು. ಗಂಡ ಹೋಗಿ ಒಂದು ಗಂಟೆ ಆಗಿರ್ಲಿಲ್ಲ. ಅವರಿಗೆ ತಮ್ಮನೂ ಇಲ್ಲದ ಹಾಗೆ ಮಾಡಲಾ ಅಂತ ಸುಮ್ಮನಾದೆ. ಹದಿನೈದು ದಿನ ಹೋಗ್ಲಿ, ಇವನೇ ನೋಡ್ತಾನೆ, ಇವನೇ ಬರ್ತಾನೆ ಅಂದ್ಕೊಂಡೆ. ಪೆಟ್ಟಿಗೇಲಿ ಹಾಕಿ ಸೀಟಿನ ಹಿಂದೆ ಇಟ್ಟೆ, ನಿನ್ನ ಕೈಗೇ ಸಿಗ್ಲಿ ಅಂತ."

"ನಾನು ಟಾರ್ಪಾಲು ಎತ್ತಲೇ ಇಲ್ಲ."

"ಗೊತ್ತು," ಎಂದ ಕಿಡಿ. "ಕಾದೆ. ಮೊದಲನೇ ವರ್ಷ ಬಾಗಿಲು ಸದ್ದಾದ್ರೆ ನೀನೇ ಅಂತ ಎದ್ದು ನೋಡ್ತಿದ್ದೆ. ಆಮೇಲೆ ಹೇಳಿದ್ರೆ ಯಾರು ನಂಬ್ತಿದ್ರು? ತಾನು ತಪ್ಪಿಸ್ಕೊಳ್ಳೋಕೆ ಗೆಳೆಯನ ಮೇಲೆ ಹಾಕ್ತಿದಾನೆ ಅಂತಿದ್ರು. ಬಿಡು."

"ತಪ್ಪಾಯ್ತು ಕಣೋ."

"ಹೂಂ," ಎಂದ ಕಿಡಿ. ಪರವಾಗಿಲ್ಲ ಎನ್ನಲಿಲ್ಲ. ಮೇಸ್ತ್ರಿ ಅದಕ್ಕಾಗಿ ಕಾಯುತ್ತಿದ್ದನೆಂದು ಅವನಿಗೆ ಗೊತ್ತಿತ್ತು, ಆದರೂ ಎನ್ನಲಿಲ್ಲ. ತನ್ನ ಬಲಗೈಯನ್ನು ಎತ್ತಿ ಹಿಡಿದು ನೋಡಿಕೊಂಡ. ಬೆರಳುಗಳು ನಡುಗುತ್ತಿದ್ದವು. "ಈಗ ಬೆಸುಗೆ ಹಾಕು ಅಂದ್ರೂ ಆಗಲ್ಲ. ನಿಮ್ಮಕ್ಕನ ಬಾಯಿ ಒಳ್ಳೇ ಬಾಯಿ," ಎಂದು ನಕ್ಕ. ಮೇಸ್ತ್ರಿಗೆ ನಗು ಬರಲಿಲ್ಲ.

"ಏನು ಮಾಡ್ಲಿ ಹೇಳು. ನೀನು ಏನಂದ್ರೂ ಮಾಡ್ತೀನಿ."

ಕಿಡಿ ರಸ್ತೆಯ ಆಚೆ ಬದಿಗೆ ಗದ್ದ ಎತ್ತಿ ತೋರಿಸಿದ. "ಔಷಧಿ ಅಂಗಡಿ ನೋಡು, ಇಲ್ಲೇ ಇದೆ, ಕೂಗಿದ್ರೆ ಕೇಳುತ್ತೆ. ನಿಮ್ಮನೆಯಿಂದ ನೇರ ಬಂದ್ರೆ ಐದು ನಿಮಿಷ. ಅಕ್ಕ ಈ ರಸ್ತೇಲಿ ಬರಲ್ಲ. ಹಿಂದಿನ ಬೀದಿ ಸುತ್ತಿ, ಆ ಗೋಡೆ ಪಕ್ಕ ಬಂದು, ಮುಖ ಆಚೆ ತಿರುಗಿಸ್ಕೊಂಡು ಮಾತ್ರೆ ತಗೊಂಡು ಹೋಗ್ತಾರೆ. ಮಂಡಿ ನೋವು ಬೇರೆ, ಕುಂಟುತ್ತಾ ಹೋಗೋದು ಕಾಣುತ್ತೆ ನಂಗೆ. ಅವರಿಗೆ ಒಂದು ಮಾತು ಹೇಳು. ಬೆಸುಗೆ ಗಟ್ಟಿ ಇತ್ತು ಅಂತ. ಅಷ್ಟೇ. ಉಳಿದದ್ದು ಹೇಳಿದ್ರೆ ಹೇಳು, ಬಿಟ್ರೆ ಬಿಡು, ನಂಗೆ ಬೇಕಾಗಿಲ್ಲ. ಒಂದು ದಿನ ಈ ರಸ್ತೇಲಿ ನೇರ ನಡ್ಕೊಂಡು ಹೋಗ್ಲಿ. ಮಾತಾಡಿಸೋದೂ ಬೇಡ."

"ಇವತ್ತೇ ಹೇಳ್ತೀನಿ," ಎಂದ ಮೇಸ್ತ್ರಿ. "ಈಗ್ಲೇ ಹೋಗಿ ಹೇಳ್ತೀನಿ."

ಕಿಡಿ ಬ್ರಾಕೆಟ್ಟನ್ನು ಟವಲಿನಲ್ಲಿ ನೀಟಾಗಿ ಸುತ್ತಿ ಕೊಟ್ಟ. "ತೋರಿಸು ಅವರಿಗೆ," ಎಂದ.

ದಾರಿಯುದ್ದಕ್ಕೂ ಮೇಸ್ತ್ರಿ ಮಾತು ಜೋಡಿಸಿಕೊಂಡು ಬಂದ. ಒಂದು ಮಾತು ತಾನೆ? ಬೆಸುಗೆ ಗಟ್ಟಿ ಇತ್ತು. ಎಳೆಮಗುವೂ ಹೇಳಬಹುದಾದ ಮಾತು. ಪಾಪ, ಕಿಡಿ ಎಷ್ಟು ಕಡಿಮೆ ಕೇಳಿದ ಎಂದು ಅವನಿಗೆ ಒಳಗೊಳಗೇ ಸಮಾಧಾನವೂ ಆಯಿತು. ಹೇಳಿಬಿಡುವುದು, ತೋರಿಸಿಬಿಡುವುದು. ಹಾಗೆ ಸಮಾಧಾನಪಟ್ಟುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಅಕ್ಕ ಶೆಡ್ಡಿನಲ್ಲೇ ಇದ್ದಳು. ಸ್ಟೂಲಿನ ಮೇಲೆ ಕೂತು ಹಳದಿ ಕಾರಿನ ಬಾನೆಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ಯೋ ಹೇಳದೆ ಕೇಳದೆ? ಬಾಗಿಲು ಹಾರು ಹೊಡೆದಿದೆ, ರಾಳ ಡಬ್ಬದಲ್ಲೇ ಕಲ್ಲಾಗಿದೆ."

ಮೇಸ್ತ್ರಿ ಟವಲು ಬಿಚ್ಚಿ ಬ್ರಾಕೆಟ್ಟನ್ನು ಅವಳ ಮುಂದೆ ಹಿಡಿದ. "ಅಕ್ಕ, ಇದನ್ನ ನೋಡು. ಆ ಚಕ್ರದ್ದು. ಬೆಸುಗೆ ಬಿಟ್ಟಿಲ್ಲ. ಗಟ್ಟಿ ಇದೆ."

ಅಕ್ಕ ಬಟ್ಟೆ ಕೆಳಗಿಟ್ಟಳು. ಬ್ರಾಕೆಟ್ಟನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದಳು.

"ನಂಗೇನು ಕಬ್ಬಿಣ ಗೊತ್ತಾಗುತ್ತೋ," ಎಂದಳು. "ಬಿಟ್ಟಿಲ್ಲ ಅಂತೀಯ. ಹಾಗಾದ್ರೆ ಚಕ್ರ ಯಾಕೆ ಕಳಚ್ಕೊಳ್ತು?"

ಈ ಪ್ರಶ್ನೆ ಬರುತ್ತದೆಂದು ದಾರಿಯುದ್ದಕ್ಕೂ ಅವನಿಗೆ ಹೊಳೆದಿರಲಿಲ್ಲ. ಯಾವ ದಡ್ಡನಿಗಾದರೂ ಹೊಳೆಯಬೇಕಾಗಿತ್ತು. ಉತ್ತರ ಅವಳ ಬೆನ್ನ ಹಿಂದೆ, ಒಂದು ಮೊಳ ದೂರದಲ್ಲಿ, ಕಾರಿನ ಒಳಗೋಡೆಯ ಮೇಲಿತ್ತು. ಬಾ ಇಲ್ಲಿ, ಬಗ್ಗಿ ನೋಡು ಎಂದರೆ ಮುಗಿಯುತ್ತಿತ್ತು.

"ಗೊತ್ತಿಲ್ಲ," ಎಂದ.

"ಗೊತ್ತಿಲ್ಲ ಅಂದ್ರೆ! ಚಕ್ರ ತಾನಾಗಿ ಎದ್ದು ಹೋಯ್ತಾ? ಅವನನ್ನ ನೋಡ್ಕೊಂಡು ಬಂದೆ ಅಲ್ವಾ? ನಿನ್ನ ಮುಖಾನೇ ಹೇಳುತ್ತೆ. ನಿನ್ನ ಮುಂದೆ ಅತ್ತಿರ್ಬೇಕು, ನಿನ್ನ ಕರುಳು ಚುರುಕ್ ಅಂತು. ನಿಂದು ಯಾವಾಗ್ಲೂ ಇದೇ ಆಯ್ತು. ಮೊದಲಿಂದ ಮೆತ್ತಗೆ." ಅವಳ ದನಿಯಲ್ಲಿ ಸಿಟ್ಟಿಗಿಂತ ಅಕ್ಕರೆಯೇ ಹೆಚ್ಚಿತ್ತು, ಅದನ್ನು ಕೇಳಿ ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಅವನನ್ನ ಬೈದ್ಕೊಂಡೇ ಇಷ್ಟು ವರ್ಷ ದೂಡಿದೀನಿ ಕಣೋ. ಬೆಳಿಗ್ಗೆ ಎದ್ರೆ ಅವರ ನೆನಪು, ಹಿಂದೇನೇ ಅವನ ನೆನಪು. ನೀನೊಬ್ಬ ಇಲ್ದೇ ಹೋಗಿದ್ರೆ ನಾನು ಯಾವತ್ತೋ ಕೆರೆ ನೋಡ್ಕೋತಿದ್ದೆ. ಈಗ ಬಂದು ಅವನದೇನೂ ತಪ್ಪಿಲ್ಲ ಅಂತೀಯಲ್ಲ, ಮತ್ತೆ ಯಾರದು?"

ಮೇಸ್ತ್ರಿ ಟವಲಿನ ತುದಿಯಿಂದ ಬ್ರಾಕೆಟ್ಟಿನ ತುಕ್ಕು ಒರೆಸತೊಡಗಿದ.

"ಹೇಳು, ಯಾರದು?"

"ಏನೋ ಅಪ್ಪ," ಎಂದ ಅವನು. "ತುಕ್ಕು ಹಿಡಿದಿದೆ. ನಂಗೂ ಸರಿಯಾಗಿ ಕಾಣಲ್ಲ ಈಗ."

ಅಕ್ಕ ಒಂದು ಉಸಿರು ಬಿಟ್ಟಳು. ಮಂಡಿಯ ಮೇಲೆ ಕೈಯೂರಿ ಎದ್ದಳು. ಹೋಗುವಾಗ ಅವನ ತೋಳು ತಟ್ಟಿದಳು. ನಡುಮನೆಯಲ್ಲಿ ತಟ್ಟೆ ಇಡುವ ಸದ್ದು, ನೀರು ಸುರಿಯುವ ಸದ್ದು ಕೇಳಿತು. ಆಮೇಲೆ ಅವಳು ಬಾಗಿಲಿಗೆ ಬಂದು ಕೂಗಿದಳು:

"ಊಟಕ್ಕೆ ಬಾರೋ, ಆರಿಹೋಗುತ್ತೆ."

"ಇದೊಂದು ಮೂಲೆ ತಿಕ್ಕಿ ಬರ್ತೀನಿ," ಎಂದ ಮೇಸ್ತ್ರಿ.

ಎಮರಿ ಕಾಗದದ ಹೊಸ ಹಾಳೆ ತೆಗೆದು ನಾಲ್ಕು ಮಡಿಕೆ ಮಾಡಿಕೊಂಡ. ಬ್ರಾಕೆಟ್ಟಿನ ಬೆನ್ನನ್ನು ಮೊದಲು ತಿಕ್ಕಿದ, ಅದು ಬೇಗ ಆಯಿತು. ಆಮೇಲೆ ಕಾರಿನೊಳಗೆ ತೂರಿ, ಟಾರ್ಚನ್ನು ಸೀಟಿನ ಮೇಲೆ ನಿಲ್ಲಿಸಿ, ಗೋಡೆಗೆ ಕೈ ಹಚ್ಚಿದ. ಅಡ್ಡ ಗೀಟುಗಳು ಮೊದಲು ಹೋದವು. ಬಿಳಿ ಧೂಳು ಮೊಣಕೈ ಮೇಲೆ, ರೆಪ್ಪೆಗಳ ಮೇಲೆ ಕೂತಿತು. ಅಕ್ಕ ಎರಡನೇ ಸಲ ಕೂಗಿದಳು, ಬಂದೆ ಬಂದೆ ಎಂದು ಅವನು ಒಳಗಿನಿಂದಲೇ ಓಗೊಟ್ಟ. ಅವಸರ ಮಾಡಲಿಲ್ಲ. ಕಲಿತ ಕ್ರಮದ ಹಾಗೆ, ಒಂದೊಂದೇ ಗೀಟು ನೋಡಿಕೊಂಡು, ಮೂಲೆಯಿಂದ ಮೂಲೆಗೆ, ಕೊನೆಯದು ಹೋಗುವವರೆಗೆ ತಿಕ್ಕಿದ.

ಆಮೇಲೆ ಬಟ್ಟೆಯಿಂದ ಧೂಳು ಒರೆಸಿ ಅಂಗೈ ಆಡಿಸಿ ನೋಡಿದ. ಒರಟಾಗಿತ್ತು. ಈಗ ಏನು ಅಂಟಿಸಿದರೂ ಹಿಡಿಯುತ್ತಿತ್ತು.